ನೀರಿನ ದಾರಿಯನ್ನು ಕೇಳಿ ರಸ್ತೆ ಹಾಕಬೇಕು

ಒಂದು ನಾಡಿನ ಏಳಿಗೆಯನ್ನು ಅಳೆಯುವವರು ಮೊದಲು ಅಲ್ಲಿಯ ದಾರಿಗಳನ್ನು ನೋಡುತ್ತಾರೆ. ದಾರಿಯಿಲ್ಲದ ಊರಿಗೆ ವ್ಯಾಪಾರ ಬರುವುದಿಲ್ಲ, ವೈದ್ಯ ಬರುವುದಿಲ್ಲ, ಮಕ್ಕಳ ವಿದ್ಯೆಯೂ ಮುಂದುವರಿಯುವುದಿಲ್ಲ ಎಂಬುದು ನಿರ್ವಿವಾದ. ಆದರೆ ದಾರಿ ಮನುಷ್ಯನೊಬ್ಬನಿಗೇ ಮೀಸಲಾದುದಲ್ಲ. ನೀರಿಗೂ ತನ್ನದೇ ಆದ ದಾರಿಯುಂಟು. ಮನುಷ್ಯನ ದಾರಿ ನಿನ್ನೆ ಮೊನ್ನೆಯದು. ನೀರಿನ ದಾರಿ ಭೂಮಿಯ ಏರುತಗ್ಗುಗಳೊಡನೆಯೇ ಹುಟ್ಟಿದ್ದು. ಈ ಎರಡು ದಾರಿಗಳು ಒಂದನ್ನೊಂದು ಅರಿತು ನಡೆದ ಊರು ಬಾಳುತ್ತದೆ. ಮನುಷ್ಯನ ದಾರಿಯು ನೀರಿನ ದಾರಿಯನ್ನು ತುಳಿದರೆ ಕೊನೆಗೆ ಎರಡೂ ಕೆಡುತ್ತವೆ.

ಈ ಮಾತನ್ನು ಇಲ್ಲಿ ಎತ್ತುವುದಕ್ಕೆ ಕಾರಣವುಂಟು. ನಮ್ಮ ಓದುಗರ ಮನೆಗಳ ಎಷ್ಟೋ ಮಕ್ಕಳು ಇಂದು ಬೆಂಗಳೂರಿನ ಉದ್ಯಮ ಪಾರ್ಕುಗಳಲ್ಲಿ ದುಡಿಯುತ್ತಿದ್ದಾರೆ. ಒಂದೇ ಆವರಣದಲ್ಲಿ ಹತ್ತಾರು ಕಚೇರಿಗಳು, ಅವುಗಳಿಗೆ ಬೇಕಾದ ರಸ್ತೆ, ನೀರು, ವಿದ್ಯುತ್ತು, ಒಳಚರಂಡಿ, ವಾಹನಗಳ ನಿಲುಗಡೆ ಇವೆಲ್ಲವೂ ಕೂಡಿದ ನೆಲೆಗೆ ಈ ಹೆಸರು ರೂಢಿಯಾಗಿದೆ. ಮತ್ತೆ ಕೆಲವು ಮನೆಗಳ ಹೊಲಗದ್ದೆಗಳು ಇಂತಹ ಪಾರ್ಕುಗಳಿಗಾಗಿ ಸ್ವಾಧೀನವಾಗಿವೆ, ಇಲ್ಲವೆ ಆಗಲಿವೆ. ಹೀಗಿರುವಾಗ ಇವುಗಳ ರಸ್ತೆಗಳನ್ನೂ ಇತರ ಮೂಲ ಸೌಕರ್ಯಗಳನ್ನೂ ನೆಲ, ಜಲಗಳಿಗೆ ಕೇಡಾಗದಂತೆ ಕಟ್ಟುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ಎಂಜಿನಿಯರರಿಗಷ್ಟೇ ಬಿಟ್ಟು ನಾವು ಸುಮ್ಮನಿರಲಾಗದು. ಇದು ಪ್ರತಿಯೊಂದು ಸಂಸಾರಕ್ಕೂ ತಟ್ಟುವ ಪ್ರಶ್ನೆ.

ಕೋನಪ್ಪನ ಅಗ್ರಹಾರದಿಂದ ಹೊರ ವರ್ತುಲ ರಸ್ತೆಗೆ

1970ರ ದಶಕದ ಕೊನೆಯಲ್ಲಿ, ಕರ್ನಾಟಕ ಸರ್ಕಾರದ ಸಂಸ್ಥೆಯಾದ ಕಿಯೋನಿಕ್ಸ್, ಶ್ರೀ ಆರ್.ಕೆ. ಬಾಳಿಗ ಅವರ ನೇತೃತ್ವದಲ್ಲಿ, ಬೆಂಗಳೂರಿನ ದಕ್ಷಿಣಕ್ಕಿರುವ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ಸುಮಾರು 330 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ನಾಂದಿ ಹಾಡಿತು. ಮುಂದೆ 1990ರ ದಶಕದಲ್ಲಿ ಭಾರತ ಮತ್ತು ಸಿಂಗಾಪುರಗಳ ಸಹಯೋಗದಿಂದ ವೈಟ್‌ಫೀಲ್ಡಿನಲ್ಲಿ ಅಂತರರಾಷ್ಟ್ರೀಯ ಟೆಕ್ ಪಾರ್ಕು ಮೇಲೆದ್ದಿತು. 2000ದ ಬಳಿಕ ಕೃಷ್ಣರಾಜಪುರದಿಂದ ಸಿಲ್ಕ್ ಬೋರ್ಡ್ ವೃತ್ತದವರೆಗಿನ ಸುಮಾರು 17 ಕಿಲೋಮೀಟರ್ ಹೊರ ವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಪಾರ್ಕುಗಳ ಸಾಲೇ ಬೆಳೆಯಿತು.

ಇವುಗಳಿಂದ ನಾಡಿಗಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಹಳ್ಳಿಯ ಶಾಲೆಯಲ್ಲಿ ಓದಿದ ಮಕ್ಕಳೂ ಈ ಕಚೇರಿಗಳ ಮೂಲಕ ಜಗತ್ತಿನೊಡನೆ ವ್ಯವಹರಿಸುವಂತಾದರು. ಆದರೆ ಕಟ್ಟಡಗಳು ಎದ್ದ ವೇಗದಲ್ಲಿ ನೆಲದ ಸ್ವಭಾವವನ್ನು ವಿಚಾರಿಸುವ ವ್ಯವಧಾನ ಬಹಳ ಕಡೆ ಉಳಿಯಲಿಲ್ಲ. ಆ ಸ್ವಭಾವವೇನೆಂಬುದನ್ನು ತುಸು ನೋಡೋಣ.

ನೆಲದ ಸ್ವಭಾವ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಊರಿನೊಳಗೆ ದೊಡ್ಡ ಜೀವನದಿಯಿಲ್ಲ. ದಿಣ್ಣೆಯ ಮೇಲೆ ಬಿದ್ದ ಮಳೆ ಮೂರು ಮುಖ್ಯ ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಹೆಬ್ಬಾಳ ಹಾಗೂ ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯ ಪಾಲು. ನದಿಯಿಲ್ಲದ ಈ ನೆಲದಲ್ಲಿ ನಮ್ಮ ಹಿರಿಯರು ಕಣಿವೆಯುದ್ದಕ್ಕೂ ಏರಿ ಕಟ್ಟಿ ಕೆರೆಗಳ ಸರಣಿಯನ್ನೇ ನಿರ್ಮಿಸಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ ನೀರು ಬರುವುದು. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗುವುದು. ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದನು.

ಕೆರೆಯಿಂದ ಕೆರೆಗೆ ನೀರನ್ನು ಒಯ್ಯುವ ಕಾಲುವೆಗೆ ರಾಜಕಾಲುವೆ ಎಂದು ಹೆಸರು. ಈ ಶಬ್ದವನ್ನು ಗಮನಿಸಬೇಕು. ಇದು ರಾಜನ ಕಾಲುವೆ, ಎಂದರೆ ಯಾವೊಬ್ಬ ಖಾಸಗಿಯವನ ಸ್ವತ್ತೂ ಅಲ್ಲದ್ದು. ಗ್ರಾಮ ನಕ್ಷೆಗಳಲ್ಲಿ ಹಳ್ಳ ಮತ್ತು ಕಾಲುವೆಗಳ ನೆಲವನ್ನು ಖರಾಬು ಎಂದು ಗುರುತಿಸಿರುತ್ತಾರೆ. ಸಾಗುವಳಿಗೆ ಬಾರದ ಭೂಮಿ ಎಂಬುದಷ್ಟೇ ಅದರ ಅರ್ಥ. ಕಾಲಾಂತರದಲ್ಲಿ ಜನರು ಅದನ್ನು ಕೆಲಸಕ್ಕೆ ಬಾರದ ಭೂಮಿ ಎಂದು ಬಗೆದರು. ಒತ್ತುವರಿಯ ಮೂಲ ಈ ತಪ್ಪು ತಿಳಿವಳಿಕೆಯಲ್ಲಿದೆ.

ಹೊರ ವರ್ತುಲ ರಸ್ತೆಯು ಈ ಕಣಿವೆಗಳನ್ನು ಅಡ್ಡವಾಗಿ ದಾಟುತ್ತದೆ. ಅಗರ ಕೆರೆಯಿಂದ ಬೆಳ್ಳಂದೂರಿಗೆ, ಕೈಕೊಂಡ್ರಹಳ್ಳಿ ಮತ್ತು ಸೌಳು ಕೆರೆಗಳಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ ನೀರು ಹರಿಯಬೇಕು. ಬೆಳ್ಳಂದೂರು ಕೆರೆಯೊಂದೇ ಸುಮಾರು 900 ಎಕರೆ ವಿಸ್ತಾರವುಳ್ಳದ್ದು. ಇಂತಹ ಕಡೆ ಎತ್ತರಿಸಿ ಹಾಕಿದ ರಸ್ತೆಯು ತಾನೇ ಒಂದು ಏರಿಯಾಗಿ ನಿಲ್ಲುತ್ತದೆ. ಕೆರೆಯ ಏರಿಗಾದರೋ ಕೋಡಿಯುಂಟು, ತೂಬುಂಟು. ರಸ್ತೆಯ ಏರಿಗೆ ಇರುವುದು ಮೋರಿಗಳು ಮಾತ್ರ. ಮೋರಿ ಕಿರಿದಾದರೆ ಅಥವಾ ಹೂಳು ಕಟ್ಟಿದರೆ ರಸ್ತೆಯ ಹಿಂಬದಿಯೆಲ್ಲ ಕೆರೆಯಾಗುವುದು ಸಹಜ.

2022ರ ಪಾಠ

2022ರ ಆಗಸ್ಟ್ 30ರಂದು ಸುರಿದ ಮಳೆಗೆ ಹೊರ ವರ್ತುಲ ರಸ್ತೆ ಹೊಳೆಯಾಯಿತು. ನೌಕರರು ಐದು ಗಂಟೆಗಳಿಗೂ ಮೀರಿ ರಸ್ತೆಯಲ್ಲೇ ಸಿಲುಕಿದರು. ಆ ಒಂದು ದಿನ ತಮಗಾದ ನಷ್ಟ 225 ಕೋಟಿ ರೂಪಾಯಿ ಎಂದು ಅಲ್ಲಿಯ ಕಂಪನಿಗಳ ಸಂಘವು ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ವಾರ ಕಳೆಯುವ ಮುನ್ನವೇ, ಸೆಪ್ಟೆಂಬರ್ 4ರ ರಾತ್ರಿ, ನಗರದಲ್ಲಿ 130 ಮಿಲಿಮೀಟರಿನಷ್ಟು ಮಳೆ ಬಿದ್ದಿತು. ಮರುದಿನ ಗಣಕಯಂತ್ರದ ತಜ್ಞರು ಟ್ರ್ಯಾಕ್ಟರುಗಳನ್ನೇರಿ ಕಚೇರಿಗೆ ಹೋದ ಚಿತ್ರಗಳನ್ನು ದೇಶವೇ ನೋಡಿತು. ಬಡವರ ಗುಡಿಸಲು, ಶ್ರೀಮಂತರ ಬಂಗಲೆ ಎಂಬ ಭೇದವನ್ನು ನೀರು ಮಾಡಲಿಲ್ಲ. ಆದರೆ ಹೋಟೆಲಿನಲ್ಲಿ ಕೋಣೆ ಹಿಡಿಯಬಲ್ಲವರು ಅಲ್ಲಿಗೆ ಹೋದರು. ತಗ್ಗಿನ ಶೆಡ್ಡುಗಳಲ್ಲಿದ್ದ ಕಾವಲುಗಾರರು, ಕಸ ಗುಡಿಸುವ ತಾಯಂದಿರು ಒದ್ದೆ ಹಾಸಿಗೆಯನ್ನು ಒಣಗಿಸುತ್ತ ಅಲ್ಲೇ ಉಳಿಯಬೇಕಾಯಿತು.

ಇದಕ್ಕೆ ಮಳೆಯನ್ನು ದೂರುವುದು ಸುಲಭ. ಒಂದು ಸರಳ ಲೆಕ್ಕವನ್ನು ಮಾಡಿ ನೋಡೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. 100 ಮಿಲಿಮೀಟರ್ ಮಳೆಗೆ ಎಕರೆಯೊಂದರ ಮೇಲೆ 4 ಲಕ್ಷ ಲೀಟರ್, 50 ಎಕರೆಯ ಪಾರ್ಕಿನ ಮೇಲೆ 2 ಕೋಟಿ ಲೀಟರ್ ನೀರು ಬೀಳುತ್ತದೆ. ಅದೇ ನೆಲ ರಾಗಿಯ ಹೊಲವಾಗಿದ್ದಾಗ ಬದುಗಳು ನೀರನ್ನು ತಡೆಯುತ್ತಿದ್ದವು. ಮಣ್ಣು ಬಹುಭಾಗವನ್ನು ಕುಡಿಯುತ್ತಿತ್ತು. ಉಳಿದದ್ದು ನಿಧಾನವಾಗಿ ಹಳ್ಳಕ್ಕಿಳಿಯುತ್ತಿತ್ತು. ಈಗ ಛಾವಣಿ, ಕಾಂಕ್ರೀಟು, ಡಾಂಬರುಗಳ ಮೇಲೆ ಬಿದ್ದ ನೀರೆಲ್ಲವೂ ಒಂದೆರಡು ಗಂಟೆಗಳಲ್ಲಿ ಒಮ್ಮೆಗೇ ಗೇಟಿನಿಂದಾಚೆ ನುಗ್ಗುತ್ತದೆ. ಹೀಗೆ ಹತ್ತಾರು ಪಾರ್ಕುಗಳ ನೀರು ಒಂದೇ ಕಾಲುವೆಯ ಮೇಲೆ ಬಿದ್ದರೆ ಕಾಲುವೆ ಏನು ಮಾಡೀತು?

ಇನ್ನೊಂದು ವಿಪರ್ಯಾಸವನ್ನೂ ಗಮನಿಸಿ. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಆ 2 ಕೋಟಿ ಲೀಟರ್ ಎಂದರೆ 1,600ಕ್ಕೂ ಹೆಚ್ಚು ಟ್ಯಾಂಕರುಗಳ ನೀರು. ಮಳೆಗಾಲದಲ್ಲಿ ಅದನ್ನು ಪಿಡುಗೆಂದು ಹೊರಗಟ್ಟುವವರು ಬೇಸಗೆಯಲ್ಲಿ ಅದೇ ಟ್ಯಾಂಕರುಗಳಿಗಾಗಿ ಕಾದು ನಿಲ್ಲುತ್ತಾರೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರು ಪಟ್ಟ ಪಾಡನ್ನು ನಾವಿನ್ನೂ ಮರೆತಿಲ್ಲ. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ವಿದ್ಯುತ್ತಿನ ಬಲದಿಂದ ಏರಿಸಿ ತರುವ ನಗರವು ತಲೆಯ ಮೇಲೆ ಬಿದ್ದ ನೀರನ್ನು ಚರಂಡಿಗೆ ಬಿಡುವುದು ಯಾವ ಗೃಹಿಣಿಯೂ ಒಪ್ಪದ ದುಂದುವೆಚ್ಚ.

ರಸ್ತೆಯನ್ನು ಹೇಗೆ ಹಾಕಬೇಕು?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕಟ್ಟಡದ ನಕ್ಷೆಗಿಂತ ಮುಂಚೆ ನೀರಿನ ನಕ್ಷೆ ಸಿದ್ಧವಾಗಬೇಕು. ಮಳೆ ಎಲ್ಲಿ ಬೀಳುತ್ತದೆ, ಎತ್ತ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಸರ್ವೇಯಂತ್ರ ತಿಳಿಸುತ್ತದೆ. ಆ ಊರಿನ ಹಿರಿಯ ರೈತನೂ ತಿಳಿಸಬಲ್ಲನು. ಎರಡನ್ನೂ ಕೇಳುವುದು ಜಾಣತನ. ಮುಖ್ಯ ರಸ್ತೆಯನ್ನು ದಿಣ್ಣೆಯ ಮೇಲೆ ಎಳೆದು, ತಗ್ಗನ್ನು ತೋಟಕ್ಕೂ ಹೊಂಡಕ್ಕೂ ಬಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ. ಹಳ್ಳವನ್ನು ದಾಟಲೇಬೇಕಾದಲ್ಲಿ ಅಪರೂಪದ ದೊಡ್ಡ ಮಳೆಯನ್ನೂ ಲೆಕ್ಕ ಹಿಡಿದು ಅಗಲವಾದ ಮೋರಿಗಳನ್ನು ಇಡಬೇಕು.

ಎರಡನೆಯದು ರಸ್ತೆಯ ಮೈಕಟ್ಟು. ಡಾಂಬರಿಗೆ ನೀರು ಪರಮ ಶತ್ರು. ನಿಂತ ನೀರು ಜಲ್ಲಿಗೂ ಡಾಂಬರಿಗೂ ಇರುವ ಹಿಡಿತವನ್ನು ಸಡಿಲಿಸುತ್ತದೆ. ವಾಹನಗಳ ಭಾರಕ್ಕೆ ಅಲ್ಲಿ ಗುಂಡಿ ಬೀಳುತ್ತದೆ. ಆದ್ದರಿಂದ ರಸ್ತೆಯ ನಡುವನ್ನು ಎತ್ತರಿಸಿ ಅಂಚಿನ ಕಡೆಗೆ 100 ಅಡಿಗೆ 2ರಿಂದ 2.5 ಅಡಿಯಷ್ಟು ಇಳಿಜಾರು ಕೊಡುತ್ತಾರೆ. ಅಂಚಿಗಿಳಿದ ನೀರನ್ನು ಕಾಂಕ್ರೀಟಿನ ಚರಂಡಿಗೆ ನೇರವಾಗಿ ನೂಕುವ ಬದಲು ಹುಲ್ಲು ಬೆಳೆದ ತಗ್ಗುಗಾಲುವೆಯಲ್ಲಿ ಹರಿಸಿದರೆ ಅದರ ವೇಗ ಕುಗ್ಗುತ್ತದೆ, ಕೊಳೆ ಸೋಸುತ್ತದೆ, ಒಂದಷ್ಟು ನೆಲಕ್ಕಿಂಗುತ್ತದೆ. ಆ ಕಾಲುವೆಯ ಉದ್ದಕ್ಕೂ ಇಂಗುಬಾವಿಗಳನ್ನು ತೋಡಬಹುದು. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಕುಶಲಕರ್ಮಿಗಳು ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂತಹ ಬಾವಿಗಳಿಗೆ ಸಿಮೆಂಟಿನ ಬಳೆಗಳನ್ನು ಇಳಿಸಿ ಕಟ್ಟಿಕೊಡುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಇವು ಕೆಲಸ ಮಾಡುತ್ತಿವೆ. ಹೀಗೆ ಹಳೆಯ ಕುಲಕಸುಬಿಗೂ ಹೊಸ ಅನ್ನದ ದಾರಿ ತೆರೆದಂತಾಗುತ್ತದೆ.

ವಾಹನ ನಿಲ್ಲಿಸುವ ಜಾಗ, ಕಾಲುದಾರಿಗಳಂತಹ ಹಗುರ ಬಳಕೆಯ ನೆಲಕ್ಕೆ ನೀರು ಇಂಗುವ ಹಾಸುಗಲ್ಲುಗಳನ್ನು ಹಾಕಬಹುದು. ಹೈದರಾಬಾದಿನಲ್ಲಿ 2004ರಲ್ಲಿ ಆರಂಭವಾದ ಸೊಹ್ರಾಬ್ಜಿ ಗೋದ್ರೆಜ್ ಹಸಿರು ಉದ್ಯಮ ಕೇಂದ್ರದಲ್ಲಿ ಹುಲ್ಲು ಬೆಳೆಯಲು ಎಡೆಯುಳ್ಳ ಇಂತಹ ಹಾಸನ್ನು ಬಳಸಿದ್ದಾರೆ. ಇದರ ಕಂಡಿಗಳಲ್ಲಿ ಹೂಳು ಕಟ್ಟದಂತೆ ಆಗಾಗ ಶುಚಿ ಮಾಡುತ್ತಿರಬೇಕು. ಭಾರದ ಲಾರಿಗಳು ಓಡುವ ದಾರಿಗೆ ಇದು ಒದಗದು.

ಮೂರನೆಯದು ರಸ್ತೆಯನ್ನು ಅಗೆಯುವ ಪಿಡುಗು. ಹೊಸ ರಸ್ತೆಗೆ ಡಾಂಬರು ಹಾಕಿದ ತಿಂಗಳಿಗೇ ನೀರಿನ ಕೊಳವೆಗೆಂದು ಒಬ್ಬರು, ವಿದ್ಯುತ್ತಿಗೆಂದು ಇನ್ನೊಬ್ಬರು, ದೂರವಾಣಿಯ ತಂತಿಗೆಂದು ಮತ್ತೊಬ್ಬರು ಅಗೆಯುವುದನ್ನು ನಾವೆಲ್ಲ ಬಲ್ಲೆವು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ ಮೊದಲಾದವುಗಳನ್ನು 2010ರ ದಶಕದ ಮಧ್ಯದಲ್ಲಿ ಟೆಂಡರ್ ಶ್ಯೂರ್ ಎಂಬ ಕ್ರಮದಲ್ಲಿ ಪುನರ್ನಿರ್ಮಿಸಿದಾಗ ಈ ಎಲ್ಲ ಕೊಳವೆ, ತಂತಿಗಳಿಗೂ ನೆಲದಡಿಯಲ್ಲಿ ಮೊದಲೇ ಸ್ಥಾನ ಕಲ್ಪಿಸಿ, ಅಗಲವಾದ ಕಾಲುದಾರಿಗಳನ್ನು ಮಾಡಿದರು. ಮೊದಲ ವೆಚ್ಚ ಹೆಚ್ಚಾಯಿತೆಂಬ ಟೀಕೆ ಬಂದಿತು, ನಿಜ. ಆದರೆ ಮತ್ತೆ ಮತ್ತೆ ಅಗೆದು ಮುಚ್ಚುವ ವೆಚ್ಚವನ್ನು ಯಾರೂ ಒಂದೆಡೆ ಬರೆದಿಡುವುದಿಲ್ಲವಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಬರಿಯ ಹೊಲದಲ್ಲಿ ಹೊಸದಾಗಿ ಏಳುವ ಉದ್ಯಮ ಪಾರ್ಕಿಗೆ ಈ ಕ್ರಮವನ್ನು ಅನುಸರಿಸುವುದು ಹಳೆಯ ನಗರಕ್ಕಿಂತ ಎಷ್ಟೋ ಸುಲಭ.

ಯಾವುದರಿಂದ ಕಟ್ಟಬೇಕು?

ಕಟ್ಟುವ ಸಾಮಗ್ರಿಯಲ್ಲಿಯೂ ವಿವೇಕ ಬೇಕು. ಜಗತ್ತಿನಲ್ಲಿ ಮನುಷ್ಯನಿಂದ ಹೊರಬೀಳುವ ಇಂಗಾಲಾಮ್ಲದಲ್ಲಿ ಸುಮಾರು ಶೇ. 7ರಿಂದ 8ರಷ್ಟು ಸಿಮೆಂಟಿನ ತಯಾರಿಕೆಯಿಂದಲೇ ಬರುತ್ತದೆ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಹಾರುಬೂದಿ, ಬಳ್ಳಾರಿ ಸೀಮೆಯ ಉಕ್ಕಿನ ಕುಲುಮೆಗಳ ಕಿಟ್ಟ ಇವುಗಳನ್ನು ಹದವರಿತು ಸೇರಿಸಿದರೆ ಕಾಂಕ್ರೀಟಿಗೆ ಬೇಕಾಗುವ ಸಿಮೆಂಟನ್ನು ಗಣನೀಯವಾಗಿ ಕಡಿಮೆ ಮಾಡಬಹುದು. ಕೆಡವಿದ ಕಟ್ಟಡಗಳ ಕಾಂಕ್ರೀಟನ್ನು ಪುಡಿಮಾಡಿ ರಸ್ತೆಯ ಕೆಳಪದರಕ್ಕೆ ಬಳಸಬಹುದು. ಇಂತಹ ಅವಶೇಷಗಳ ವಿಲೇವಾರಿಗೆಂದು 2016ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನೇ ಮಾಡಿತು.

ಪ್ಲಾಸ್ಟಿಕ್ ಬೆರೆಸಿದ ಡಾಂಬರಿನ ಮಾತನ್ನು ಓದುಗರು ಕೇಳಿರಬಹುದು. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರು ಇದರಲ್ಲಿ ಮಾಡಿದ ಸಾಧನೆಗೆ 2018ರಲ್ಲಿ ಪದ್ಮಶ್ರೀ ಸಂದಿತು. ಬೆಂಗಳೂರಿನಲ್ಲೂ 2000ದ ದಶಕದ ಆರಂಭದಿಂದಲೇ ಇಂತಹ ರಸ್ತೆಗಳಾಗಿವೆ. ಚೂರು ಮಾಡಿದ ಪ್ಲಾಸ್ಟಿಕ್ ಅನ್ನು ಕಾದ ಜಲ್ಲಿಯ ಮೇಲೆ ಎರಚಿದರೆ ಅದು ಕರಗಿ ಕಲ್ಲಿಗೆ ತೆಳುವಾದ ಹೊದಿಕೆಯಾಗುತ್ತದೆ. ಬಳಿಕ ಬೆರೆಸಿದ ಡಾಂಬರು ಅದಕ್ಕೆ ಬಿಗಿಯಾಗಿ ಅಂಟುತ್ತದೆ, ನೀರು ಒಳನುಸುಳುವುದಿಲ್ಲ. 2013ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಇದಕ್ಕೆ ಮಾರ್ಗಸೂಚಿಯನ್ನು ಪ್ರಕಟಿಸಿತು. ಆದರೆ ಪಿ.ವಿ.ಸಿ. ಜಾತಿಯ ಪ್ಲಾಸ್ಟಿಕ್ ಅನ್ನು ಕಾಯಿಸಿದರೆ ವಿಷಾನಿಲ ಹೊಮ್ಮುವುದರಿಂದ ಅದನ್ನು ಸೇರಿಸಲೇಬಾರದು. ಎಲ್ಲಕ್ಕಿಂತ ಮಿಗಿಲಾಗಿ, ನೀರಿನ ಇಳಿಜಾರು ತಪ್ಪಿದ ರಸ್ತೆಯನ್ನು ಯಾವ ಪ್ಲಾಸ್ಟಿಕ್ ಕೂಡ ಉಳಿಸಲಾರದು.

ಬಳಸಿದ ನೀರು, ಓಡಾಡುವ ಜನ

ಪಾರ್ಕಿನಲ್ಲಿ ಬಳಸಿದ ನೀರನ್ನು ಅಲ್ಲಿಯೇ ಶುದ್ಧೀಕರಿಸಿ ಶೌಚಕ್ಕೂ ತೋಟಕ್ಕೂ ಮತ್ತೆ ಬಳಸಬೇಕಾದರೆ ಕಟ್ಟುವಾಗಲೇ ಎರಡು ಬಗೆಯ ಕೊಳವೆಗಳನ್ನು ಇಡಬೇಕು. ಗೋಡೆ ಎದ್ದ ಮೇಲೆ ಅದು ದುಸ್ಸಾಧ್ಯ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ಕೊಳಚೆನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆಯನ್ನು ತುಂಬುತ್ತದೆ. ಸಂಸ್ಕರಿಸದ ನೀರು ನುಗ್ಗಿದ ಬೆಳ್ಳಂದೂರು ಕೆರೆಯಾದರೋ ನೊರೆಯೆದ್ದು, 2015ರಿಂದ 2018ರ ನಡುವೆ ಹಲವು ಬಾರಿ ಹೊತ್ತಿ ಉರಿಯಿತು. ನೀರಿಗೆ ಬೆಂಕಿ ಬೀಳುವುದನ್ನು ನಾವು ಕಣ್ಣಾರೆ ಕಾಣುವಂತಾಯಿತು. ಒಂದೇ ಊರಿನ ಈ ಎರಡು ಕೆರೆಗಳ ಕಥೆ ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ವಿಷಯವನ್ನು ತಿಳಿಸುತ್ತದೆ.

ಜನರ ಓಡಾಟವೂ ಮೂಲ ಸೌಕರ್ಯದ ಅಂಗವೇ. ಒಬ್ಬೊಬ್ಬರಿಗೆ ಒಂದೊಂದು ಕಾರಾದರೆ ರಸ್ತೆ ಎಷ್ಟು ಅಗಲವಾದರೂ ಸಾಲದು. ಕಾರು ನಿಲ್ಲಿಸಲೆಂದೇ ಎಕರೆಗಟ್ಟಲೆ ಭೂಮಿ ಕಾಂಕ್ರೀಟಾಗುತ್ತದೆ. ಎಲೆಕ್ಟ್ರಾನಿಕ್ಸ್ ಸಿಟಿಗೆ 2010ರಲ್ಲಿ ಸುಮಾರು 10 ಕಿಲೋಮೀಟರಿನ ಮೇಲ್ಸೇತುವೆಯಾಯಿತು. ನಮ್ಮ ಮೆಟ್ರೋ ಅಲ್ಲಿಗೆ ತಲುಪಿದ್ದು 2025ರ ಆಗಸ್ಟಿನಲ್ಲಿ. ವೈಟ್‌ಫೀಲ್ಡಿಗೆ ಬಂದದ್ದು 2023ರಲ್ಲಿ. ಕಚೇರಿಗಳು ಎದ್ದು ದಶಕಗಳಾದ ಮೇಲೆ ರೈಲು ಬಂದಿತು. ಹೊಸ ಪಾರ್ಕುಗಳಲ್ಲಿ ಈ ಕ್ರಮ ತಲೆಕೆಳಗಾಗಬೇಕು. ನಿಲ್ದಾಣದಿಂದ ಕಚೇರಿಯ ಬಾಗಿಲವರೆಗೆ ಹೊಂಗೆ, ಬೇವುಗಳ ನೆರಳಿನ ಕಾಲುದಾರಿಯಿದ್ದರೆ ಕತ್ತಲಾದ ಮೇಲೆ ಮನೆಗೆ ಮರಳುವ ನಮ್ಮ ಹೆಣ್ಣುಮಕ್ಕಳಿಗೆ, ಅಲ್ಲಿ ಒಳ್ಳೆಯ ಬೆಳಕೂ ಇದ್ದರೆ, ಎಷ್ಟು ನೆಮ್ಮದಿ!

ಒಂದು ಆಕ್ಷೇಪ

ಕೋಟಿಗಟ್ಟಲೆ ಬೆಲೆ ಬಾಳುವ ನೆಲದಲ್ಲಿ ಕಾಲುವೆಗೆ, ಹೊಂಡಕ್ಕೆ, ಹುಲ್ಲಿಗೆ ಜಾಗ ಬಿಡುವುದು ವ್ಯಾಪಾರಕ್ಕೆ ಹೊಂದೀತೇ ಎಂದು ಕೆಲವರು ಕೇಳುತ್ತಾರೆ. ಒಂದೇ ದಿನದ ನಷ್ಟವನ್ನು 225 ಕೋಟಿಯೆಂದು ಕಂಪನಿಗಳೇ ಲೆಕ್ಕ ಹಾಕಿದ ಮೇಲೆ ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಕಾಲುವೆ ಮುಚ್ಚಿದವರೇ ಹೊರತು ಬಿಡಿಸಬೇಕೆನ್ನುವವರಲ್ಲ. ಕೆರೆಯಿಂದ 75 ಮೀಟರ್ ಜಾಗ ಬಿಡಬೇಕೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಆದೇಶಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಕಾನೂನಿನ ದೃಷ್ಟಿಯಿಂದ ಎಷ್ಟು ಮೀಟರ್ ಎಂಬುದನ್ನು ನ್ಯಾಯಾಲಯಗಳೂ ಶಾಸನಸಭೆಯೂ ನಿರ್ಧರಿಸಲಿ. ಕಾನೂನು ಬಿಡಲು ಹೇಳಿದ್ದು ಕನಿಷ್ಠ ಮಾತ್ರ. ನೆಲದ ಇಳಿಜಾರು ಹೆಚ್ಚು ಕೇಳಿದಲ್ಲಿ ಹೆಚ್ಚು ಬಿಡುವುದು ಕಟ್ಟುವವನ ವಿವೇಕ.

ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು ಎಂಬುದೂ ಮುಖ್ಯ. ಎಲೆಕ್ಟ್ರಾನಿಕ್ಸ್ ಸಿಟಿಗೆ 2013ರಲ್ಲಿ ತನ್ನದೇ ಆದ ಕೈಗಾರಿಕಾ ನಗರ ಪ್ರಾಧಿಕಾರ ಬಂದಿತು. ಅಲ್ಲಿಯ ತೆರಿಗೆಯಿಂದ ಅಲ್ಲಿಯ ರಸ್ತೆ, ಚರಂಡಿಗಳನ್ನು ನೋಡಿಕೊಳ್ಳುವ ಹೊಣೆ ಅದರದು. ಕೈಕೊಂಡ್ರಹಳ್ಳಿಯ ಕೆರೆಯನ್ನು ನೆರೆಹೊರೆಯ ನಾಗರಿಕರು ಅಂದಿನ ಮಹಾನಗರಪಾಲಿಕೆಯ ಜೊತೆಗೂಡಿ 2011ರ ವೇಳೆಗೆ ಪುನರುಜ್ಜೀವನಗೊಳಿಸಿದರು. ಹಿಂದಿನ ನೀರುಗಂಟಿಯ ಹೊಣೆಯನ್ನು ಇಂದು ಇಂತಹ ಪ್ರಾಧಿಕಾರಗಳೂ ಸಂಘಗಳೂ ಹೊರಬೇಕಾಗಿದೆ. ಮುಂಗಾರಿಗೆ ಮುನ್ನ ಮೋರಿಯ ಹೂಳು ತೆಗೆಸುವುದು ಸಣ್ಣ ಕೆಲಸವೆಂದು ಕಾಣಬಹುದು. ಉಳಿದೆಲ್ಲ ಕೆಲಸಗಳ ಫಲ ಅದರ ಮೇಲೆ ನಿಂತಿದೆ.

ನಮ್ಮ ಕರ್ತವ್ಯ

ಈಗ ಉದ್ಯಮಗಳು ಹುಬ್ಬಳ್ಳಿ, ಮೈಸೂರು, ಮಂಗಳೂರು, ಕಲಬುರಗಿಗಳ ಕಡೆಗೂ ಮುಖ ಮಾಡಿವೆ. ಅದು ಸಂತೋಷದ ಸಂಗತಿ; ಮಕ್ಕಳು ಹೆತ್ತವರಿಗೆ ಹತ್ತಿರವಾದಾರು. ಆದರೆ ಉತ್ತರ ಕರ್ನಾಟಕದ ಎರೆಭೂಮಿಯು ನೀರುಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಸುಣ್ಣದಿಂದ ಮಣ್ಣನ್ನು ಹದಗೊಳಿಸದೆ, ಗರಸಿನ ಪದರ ಹಾಕದೆ, ನೀರಿಗೆ ದಾರಿ ಬಿಡದೆ ಮಾಡಿದ ರಸ್ತೆ ನಾಲ್ಕು ಮಳೆಗಾಲ ಬಾಳುವುದು ಕಷ್ಟ. ಬೆಂಗಳೂರು ಕಷ್ಟಪಟ್ಟು ಕಲಿತದ್ದನ್ನು ಈ ಊರುಗಳು ಮೊದಲೇ ತಿಳಿದುಕೊಳ್ಳಬಹುದು.

ಭೂಮಿಯ ವಿಚಾರದಲ್ಲಿ ಮಿತವ್ಯಯವೂ ಬೇಕು. ದೇವನಹಳ್ಳಿ ತಾಲ್ಲೂಕಿನ 13 ಹಳ್ಳಿಗಳ 1,777 ಎಕರೆಯ ಸ್ವಾಧೀನವನ್ನು, ರೈತರ ದೀರ್ಘ ಹೋರಾಟದ ಬಳಿಕ, 2025ರ ಜುಲೈಯಲ್ಲಿ ಸರ್ಕಾರ ಕೈಬಿಟ್ಟಿತು. ಅನ್ನ ಕೊಡುವ ನೆಲವನ್ನು ಕೇಳುವವರು ಒಂದೊಂದು ಎಕರೆಗೂ ಲೆಕ್ಕ ಕೊಡಬೇಕಾದ ಕಾಲ ಬಂದಿದೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಜಮೀನನ್ನು ಉದ್ಯಮ ಪಾರ್ಕಿಗೆಂದು ಕೇಳಲು ಬಂದಾಗ ಬೆಲೆಯ ಮಾತಿನೊಡನೆ, ಹೊಲದ ಅಂಚಿನ ಹಳ್ಳವನ್ನು ಏನು ಮಾಡುವಿರಿ ಎಂದೂ ಕೇಳಿರಿ. ಗ್ರಾಮ ನಕ್ಷೆಯ ಪ್ರತಿಯೊಂದನ್ನು ಪಡೆದು ಮನೆಯಲ್ಲಿಡಿರಿ. ಮಗನೋ ಮಗಳೋ ಇಂತಹ ಪಾರ್ಕಿನ ಬಳಿ ಮನೆ ಕೊಳ್ಳುವಾಗ, ಆ ನೆಲದ ಹಳೆಯ ನಕ್ಷೆಯಲ್ಲಿ ಕೆರೆಯೋ ಕಾಲುವೆಯೋ ಇತ್ತೇ ಎಂದು ಸಾಲದ ಅರ್ಜಿಗೆ ಸಹಿ ಹಾಕುವ ಮೊದಲೇ ವಿಚಾರಿಸಿರಿ. ಕಂಪನಿಗಳಲ್ಲಿ ಮೇಲಿನ ಸ್ಥಾನದಲ್ಲಿರುವ ನಮ್ಮ ಮಕ್ಕಳು, ತಮ್ಮ ಆವರಣದ ಮಳೆನೀರು ಎಲ್ಲಿಗೆ ಹೋಗುತ್ತದೆ, ಬಳಸಿದ ನೀರು ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ತಮ್ಮ ಸಭೆಗಳಲ್ಲಿ ಎತ್ತಲಿ. ಬಾಡಿಗೆ ಕೊಡುವ ಕಂಪನಿಯೇ ಕೇಳಿದ ಪ್ರಶ್ನೆಯನ್ನು ಪಾರ್ಕಿನ ಒಡೆಯ ತಳ್ಳಿಹಾಕಲಾರನು. ಬರುವ ಮುಂಗಾರಿಗೆ ಇನ್ನೂ ಕಾಲಾವಕಾಶವಿರುವಾಗಲೇ ಆ ಪ್ರಶ್ನೆಗಳನ್ನು ಕೇಳುವುದು ಲೇಸು.